ಷಟ್ಕೋನದ ಮೇಲಿನ ಸಿಪಾಯಿಗಳು

ಚೌಕದ ಮನೆಗಳಲ್ಲಿ ಓರೆಯಾಗಿಟ್ಟ ಹೆಜ್ಜೆ, ನೇರವಾಗಿಟ್ಟ ಹೆಜ್ಜೆಗಿಂತ ಸುಮಾರು 1.4 ಪಟ್ಟು ಉದ್ದ. ಷಟ್ಕೋನದಲ್ಲಿ ಈ ತೊಡಕಿಲ್ಲ; ಸುತ್ತಲಿನ ಆರು ಮನೆಗಳೂ ನಡುವಿನ ಮನೆಗೆ ಸಮದೂರ. ಆದುದರಿಂದಲೇ ಅನೇಕ ಐತಿಹಾಸಿಕ ಯುದ್ಧಕ್ರೀಡೆಗಳು ಜೇನುಹುಟ್ಟಿನಂತಹ ಹಲಗೆಯನ್ನು ಆರಿಸಿಕೊಂಡಿವೆ.

ರಿಚರ್ಡ್ ಬೋರ್ಗ್ ರಚಿಸಿದ ‘ಮೆಮೊಯರ್ 44’ (2004) ಅಂತಹುದೊಂದು. 1944ರ ನಾರ್ಮಂಡಿಯ ಕಾಳಗಗಳನ್ನಾಡಿಸುವ ಈ ಆಟದಲ್ಲಿ ಅಂಕಿಯ ಬಿಲ್ಲೆಗಳ ಬದಲು ಪುಟ್ಟ ಬೊಂಬೆಗಳಿವೆ: ಕಾಲಾಳಿನ ತುಕಡಿಗೆ ಸಾಮಾನ್ಯವಾಗಿ ನಾಲ್ಕು, ಟ್ಯಾಂಕುಪಡೆಗೆ ಮೂರು, ಫಿರಂಗಿಗೆ ಎರಡು. ಪೆಟ್ಟು ಬಿದ್ದಂತೆಲ್ಲ ಒಂದೊಂದನ್ನು ತೆಗೆದಿಡಬೇಕು.

ಹವ್ಯಾಸಿಗಳು ಇವಕ್ಕೆ ಬಣ್ಣ ಹಚ್ಚುವರು. ಅದರಿಂದ ನಿಯಮವೇನೂ ಬದಲಾಗದು. ಆದರೆ ಬಿಲ್ಲೆಯ ಅಂಕಿ ಇಳಿದರೆ ಅದು ಬರಿಯ ಲೆಕ್ಕ. ತಾನೇ ಮುಖ ತಿದ್ದಿದ ಸಿಪಾಯಿಯನ್ನು ಎತ್ತಿಡುವಾಗ ಕೈ ಕ್ಷಣಕಾಲ ತಡೆಯುತ್ತದೆ. ಮಡಿದವರ ಸಂಖ್ಯೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ನಮಗೆ ಆ ತಡೆಯೂ ಇತಿಹಾಸದ ಪಾಠವೇ.