ಹರಾಜು ಮತ್ತು ಮೀಸಲು ಬೆಲೆ

ಮುಂಜಾನೆಯ ಹೊತ್ತು ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಹೊಕ್ಕರೆ ಅಲ್ಲಿ ಒಂದು ವಿಶಿಷ್ಟವಾದ ನೋಟ ಕಣ್ಣಿಗೆ ಬೀಳುತ್ತದೆ. ಸುತ್ತಲಿನ ಹಳ್ಳಿಗಳಿಂದಲೂ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಕಡೆಯಿಂದಲೂ ರೈತರು ಮೂಟೆಗಳಲ್ಲಿ ಗೂಡು ತಂದು ಸಾಲುಸಾಲಾಗಿ ಹರಡಿರುತ್ತಾರೆ. ಒಬ್ಬೊಬ್ಬನ ಗೂಡಿಗೂ ಒಂದೊಂದು ಲಾಟು ಸಂಖ್ಯೆ. ನೂಲು ಬಿಚ್ಚುವ ರೀಲರುಗಳು ಸಾಲುಗಳ ನಡುವೆ ನಡೆಯುತ್ತ, ಒಂದು ಹಿಡಿ ಗೂಡನ್ನು ಎತ್ತಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾರೆ. ಒಳಗಿನ ಕೋಶ ಗಟ್ಟಿಯಾಗಿ ಸದ್ದು ಮಾಡಿದರೆ ಗೂಡು ಬಲಿತಿದೆಯೆಂದು ಅರ್ಥ. ತೆಳು ಗೂಡು, ಕಲೆ ಬಿದ್ದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಷ್ಟಿವೆಯೆಂಬುದನ್ನು ಅವರ ಅನುಭವದ ಕಣ್ಣು ಕ್ಷಣದಲ್ಲಿ ಅಳೆದುಬಿಡುತ್ತದೆ.

ಆಮೇಲೆ ಹರಾಜು. ಹಿಂದೆ ಹರಾಜು ಕೂಗುವವರು ಲಾಟಿನಿಂದ ಲಾಟಿಗೆ ನಡೆದು ಗಟ್ಟಿಯಾಗಿ ಬೆಲೆ ಕೂಗುತ್ತಿದ್ದರು. 2010ರ ದಶಕದಲ್ಲಿ ವಿದ್ಯುನ್ಮಾನ ಹರಾಜು ಬಂದಿತು. ರೀಲರುಗಳು ಮೊಬೈಲ್ ಫೋನಿನ ಮೂಲಕವೇ ಸವಾಲು ಹಾಕತೊಡಗಿದರು. ವಿಧಾನ ಯಾವುದಾದರೂ ಆಗಲಿ, ಅತಿ ಹೆಚ್ಚಿನ ಸವಾಲು ಗೊತ್ತಾದೊಡನೆ ವ್ಯವಹಾರ ಮುಗಿಯಿತೆಂದು ತಿಳಿಯಬಾರದು. ಈ ಬೆಲೆಗೆ ಕೊಡಲು ಒಪ್ಪಿಗೆಯೋ ಅಲ್ಲವೋ ಎಂಬುದನ್ನು ರೈತನು ಹೇಳಬೇಕು. "ಇಲ್ಲ" ಎನ್ನುವ ಹಕ್ಕು ಅವನಿಗುಂಟು. ಒಂದು ತಿಂಗಳು ಮನೆಮಂದಿಯೆಲ್ಲ ನಿದ್ದೆಗೆಟ್ಟು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು ಪಡೆದ ಬೆಳೆಯ ಭವಿಷ್ಯ ಆ ಒಂದು ಮಾತಿನಲ್ಲಿ ಅಡಗಿರುತ್ತದೆ.

ಯಾವ ಬೆಲೆಗಿಂತ ಕಡಿಮೆಗೆ ವಸ್ತುವನ್ನು ಮಾರಲಾರೆನೆಂದು ಮಾರುವವನು ನಿಶ್ಚಯಿಸಿಕೊಂಡಿರುತ್ತಾನೋ ಆ ಬೆಲೆಗೆ ಮೀಸಲು ಬೆಲೆಯೆಂದು ಹೆಸರು. ಕೆಲವು ಹರಾಜುಗಳಲ್ಲಿ ಇದನ್ನು ಮೊದಲೇ ಬಹಿರಂಗವಾಗಿ ಸಾರುತ್ತಾರೆ. ಕೆಲವು ಕಡೆ ಗುಟ್ಟಾಗಿ ಇಡುತ್ತಾರೆ. ಗೂಡಿನ ಮಾರುಕಟ್ಟೆಯಲ್ಲಿ ರೈತನ ಮೀಸಲು ಬೆಲೆಯನ್ನು ಯಾರೂ ಬರೆದು ತೂಗುಹಾಕುವುದಿಲ್ಲ. ಅದು ಅವನ ಮನಸ್ಸಿನಲ್ಲಿ ಇರುತ್ತದೆ. ಈ ಬೆಲೆಯು ಸವಾಲಿನ ಮೇಲೆ ಯಾವ ಪರಿಣಾಮವನ್ನು ಉಂಟುಮಾಡುತ್ತದೆ? ಅದನ್ನು ಹೆಚ್ಚಿಸಿದಷ್ಟೂ ಮಾರುವವನಿಗೆ ಲಾಭವೇ? ಈ ಪ್ರಶ್ನೆಗಳನ್ನು ವಿಚಾರಮಾಡಿ ನೋಡುವುದು ಉಚಿತ.

ಮೊದಲು ಒಂದು ಕಾಲ್ಪನಿಕ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಲಾಟಿನ ಮುಂದೆ ಮೂವರು ರೀಲರುಗಳು ನಿಂತಿದ್ದಾರೆ. ಆ ಗೂಡು ಒಬ್ಬನಿಗೆ ಕಿಲೋಗೆ 500 ರೂಪಾಯಿಯವರೆಗೂ, ಇನ್ನೊಬ್ಬನಿಗೆ 460ರವರೆಗೂ, ಮೂರನೆಯವನಿಗೆ 430ರವರೆಗೂ ಗಿಟ್ಟುತ್ತದೆ. ಸವಾಲು 430 ದಾಟಿದಾಗ ಮೂರನೆಯವನು ಹಿಂದೆ ಸರಿಯುತ್ತಾನೆ. 460 ದಾಟಿದೊಡನೆ ಎರಡನೆಯವನೂ ಸುಮ್ಮನಾಗುತ್ತಾನೆ. ಮೊದಲನೆಯವನ ಬಳಿ ಇನ್ನೂ 40 ರೂಪಾಯಿಯ ಶಕ್ತಿ ಉಳಿದಿದ್ದರೂ ಅವನು ಮೇಲಕ್ಕೆ ಹೋಗಬೇಕಾದ ಕಾರಣವಿಲ್ಲ. ಗೂಡು ಹೆಚ್ಚುಕಡಿಮೆ 460 ರೂಪಾಯಿಗೆ ಮಾರಾಟವಾಗುತ್ತದೆ. ಹರಾಜಿನಲ್ಲಿ ಬೆಲೆಯನ್ನು ನಿರ್ಣಯಿಸುವವನು ಗೆದ್ದವನಲ್ಲ, ಅವನ ಬೆನ್ನಟ್ಟಿ ಬಂದು ಸೋತವನು ಎಂಬ ಸೂಕ್ಷ್ಮ ಇಲ್ಲಿ ತಿಳಿಯುತ್ತದೆ.

ರೈತನು 480ಕ್ಕಿಂತ ಕಡಿಮೆಗೆ ಕೊಡುವುದಿಲ್ಲವೆಂದು ಮೊದಲೇ ಸಾರಿದ್ದರೆ, ಮೊದಲನೆಯ ರೀಲರು 480 ಕೊಟ್ಟಾದರೂ ಕೊಳ್ಳುತ್ತಿದ್ದನು. ಇಲ್ಲಿ ಮೀಸಲು ಬೆಲೆ ಕಣ್ಣಿಗೆ ಕಾಣದ ಒಬ್ಬ ಸ್ಪರ್ಧಿಯಂತೆ ನಿಂತು 20 ರೂಪಾಯಿ ಹೆಚ್ಚು ತಂದುಕೊಟ್ಟಿತು. ಆದರೆ ಅದೇ ರೈತನು ಆಸೆಪಟ್ಟು 510 ಎಂದಿದ್ದರೆ ಕೊಳ್ಳುವವರೇ ಇಲ್ಲದೆ ಗೂಡು ಹಾಗೆಯೇ ಉಳಿಯುತ್ತಿತ್ತು. ಅತಿ ಆಸೆ ಗತಿಗೇಡು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಮೂರನೆಯ ಒಂದು ಸಾಧ್ಯತೆಯೂ ಉಂಟು. ಮೀಸಲು ಬೆಲೆ ಏನೂ ಇಲ್ಲದಿದ್ದರೂ, 495 ರೂಪಾಯಿಯವರೆಗೆ ಕೊಡಬಲ್ಲ ನಾಲ್ಕನೆಯ ರೀಲರು ಒಬ್ಬನು ಅಲ್ಲಿಗೆ ಬಂದಿದ್ದರೆ ಬೆಲೆ ತಾನಾಗಿಯೇ 495ಕ್ಕೆ ಏರುತ್ತಿತ್ತು. ಈ ಮೂರನೆಯ ಸಾಧ್ಯತೆಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಇನ್ನು ಗೂಡಿನ ಮಾರುಕಟ್ಟೆಯಿಂದ ತೀರ ದೂರದ ಇನ್ನೊಂದು ಹರಾಜಿನ ಕಡೆ ದೃಷ್ಟಿ ಹರಿಸೋಣ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಸಂಪಾದಿಸಿದ 'ಅಮರ ಚಿತ್ರ ಕಥಾ' ಪುಸ್ತಕಗಳನ್ನು ಓದದ ಮಕ್ಕಳು ವಿರಳ. ಇಂಥ ಚಿತ್ರಕಥೆಗಳು ಅಚ್ಚಾಗಿ ಸಾವಿರಾರು ಕೈಗಳನ್ನು ಸೇರುತ್ತವೆ. ಆದರೆ ಅಚ್ಚಿಗೆ ಹೋಗುವ ಮುನ್ನ ಕಲಾವಿದನು ತನ್ನ ಕೈಯಾರೆ ಶಾಯಿಯಲ್ಲಿ ಬರೆದ ಮೂಲಚಿತ್ರ ಒಂದೇ ಒಂದು. ಹಿಂದೆ ಇವುಗಳಿಗೆ ಅಷ್ಟಾಗಿ ಬೆಲೆಯಿರಲಿಲ್ಲ. ಈಗ ಯೂರೋಪು ಅಮೆರಿಕಗಳಲ್ಲಿ ಇವುಗಳನ್ನು ಸಂಗ್ರಹಿಸುವ ಶ್ರೀಮಂತರು ಬಹಳ ಮಂದಿ ಇದ್ದಾರೆ. ಇವಕ್ಕಾಗಿ ದೊಡ್ಡ ದೊಡ್ಡ ಹರಾಜುಗಳು ನಡೆಯುತ್ತವೆ.

2022ರ ಜನವರಿಯಲ್ಲಿ ಅಮೆರಿಕದ ಹರಾಜೊಂದಕ್ಕೆ 'ಸ್ಪೈಡರ್‌ಮ್ಯಾನ್' ಎಂಬ ಕಥಾನಾಯಕನ ಚಿತ್ರವಿರುವ ಒಂದು ಹಾಳೆ ಬಂದಿತು. 1984ರ ಚಿತ್ರಕಥೆಯೊಂದಕ್ಕಾಗಿ ಮೈಕ್ ಝೆಕ್ ಎಂಬ ಕಲಾವಿದ ಬರೆದುದು ಅದು. ಸವಾಲು ಆರಂಭವಾದದ್ದು 3 ಲಕ್ಷ 30 ಸಾವಿರ ಡಾಲರಿನಿಂದ. ಮುಗಿದದ್ದು 33 ಲಕ್ಷ 60 ಸಾವಿರ ಡಾಲರಿನಲ್ಲಿ. ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವನ್ನು ನೋಡಬಹುದು. ಸೂಪರ್‌ಮ್ಯಾನ್ ಮೊದಲಬಾರಿಗೆ ಕಾಣಿಸಿಕೊಂಡ 1938ರ 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯ ಪ್ರತಿಯೊಂದು 2014ರಲ್ಲಿ ಹರಾಜಾಯಿತು. ಇದು ಮೂಲಚಿತ್ರವಲ್ಲ, ಅಚ್ಚಾದ ಪ್ರತಿ; ಆದರೆ ಕೆಡದೆ ಉಳಿದ ಪ್ರತಿಗಳು ಬಹಳ ಕಡಿಮೆ. ಅದರ ಸವಾಲು ಆರಂಭವಾದದ್ದು ಕೇವಲ 99 ಸೆಂಟಿನಿಂದ, ಎಂದರೆ ಒಂದು ಡಾಲರಿಗಿಂತಲೂ ಕಡಿಮೆ ಬೆಲೆಯಿಂದ. ಅದೂ ಕೊನೆಗೆ 32 ಲಕ್ಷ ಡಾಲರನ್ನು ದಾಟಿತು.

ಎರಡು ವಸ್ತುಗಳೂ ಬೇರೆ ಬೇರೆಯಾದುದರಿಂದ ಅವನ್ನು ನೇರವಾಗಿ ಹೋಲಿಸಲಾಗದು. ಆದರೂ ಒಂದು ಸಂಗತಿ ಸ್ಪಷ್ಟ. ನಿಜವಾಗಿ ಬಯಸುವವರು ಹಲವರಿದ್ದಲ್ಲಿ ಸವಾಲು ಎಲ್ಲಿಂದ ಹೊರಟಿತೆಂಬುದಕ್ಕೆ ಅಷ್ಟು ಮಹತ್ವವಿಲ್ಲ. ಅದು ಸೇರಬೇಕಾದ ಎತ್ತರವನ್ನು ಸೇರಿಯೇ ಸೇರುತ್ತದೆ. ಕಡಿಮೆ ಆರಂಭದಿಂದ ಒಂದು ಪ್ರಯೋಜನವೂ ಉಂಟು. ಅಷ್ಟು ಅಗ್ಗಕ್ಕೆ ಸಿಕ್ಕೀತೇ ಎಂಬ ಆಸೆಯಿಂದ ಹೆಚ್ಚು ಜನ ಬಂದು ಸೇರುತ್ತಾರೆ; ಒಬ್ಬನು ಸವಾಲು ಹಾಕುವುದನ್ನು ಕಂಡು, ಈ ವಸ್ತುವಿನಲ್ಲಿ ಏನೋ ಸತ್ತ್ವವಿದೆಯೆಂದು ಇನ್ನೊಬ್ಬನಿಗೆ ಧೈರ್ಯ ಬರುತ್ತದೆ. ಆದರೆ ಬಯಸುವವರು ಒಬ್ಬಿಬ್ಬರೇ ಆದಾಗ ಇದೇ ಉಪಾಯ ಮುಳುವಾಗುತ್ತದೆ. ಬೆಲೆಬಾಳುವ ವಸ್ತು ಪುಡಿಕಾಸಿಗೆ ಹೋಗಬಹುದು. ಮೀಸಲು ಬೆಲೆ ರಕ್ಷಣೆಯಾಗಿ ನಿಲ್ಲುವುದು ಅಂಥ ಸಂದರ್ಭದಲ್ಲಿಯೇ.

ದೊಡ್ಡ ಹರಾಜು ಸಂಸ್ಥೆಗಳು ಮುಂಚೆಯೇ ಪ್ರತಿ ವಸ್ತುವಿಗೂ ಒಂದು ಅಂದಾಜು ಬೆಲೆಯನ್ನು ಪ್ರಕಟಿಸುತ್ತವೆ. ಗುಟ್ಟಿನ ಮೀಸಲು ಬೆಲೆಯು ಅಂದಾಜಿನ ಕೆಳಗಣ ಅಂಕಿಯನ್ನು ಮೀರಬಾರದೆಂಬುದು ಸಾಮಾನ್ಯವಾದ ಪದ್ಧತಿ. ಶಿಡ್ಲಘಟ್ಟಕ್ಕೆ ಸಮೀಪದ ದೇವನಹಳ್ಳಿಯಲ್ಲಿ ಜನಿಸಿ, ಮೈಸೂರು ಸೀಮೆಯಲ್ಲಿ ರೇಷ್ಮೆಯ ಕೃಷಿಗೆ ಪ್ರೋತ್ಸಾಹ ಕೊಟ್ಟ ಟಿಪ್ಪು ಸುಲ್ತಾನನ ಖಡ್ಗವೊಂದು 2023ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ಅದರ ಅಂದಾಜು 15ರಿಂದ 20 ಲಕ್ಷ ಪೌಂಡು. ಮಾರಾಟವಾದದ್ದು 1 ಕೋಟಿ 40 ಲಕ್ಷ ಪೌಂಡಿಗೆ. ಮಿತವಾದ ಅಂದಾಜು ಸವಾಲುದಾರರ ಕೈಯನ್ನು ಕಟ್ಟಲಿಲ್ಲ. ಇದಕ್ಕೆ ವಿರುದ್ಧವಾಗಿ, ಮೀಸಲು ಬೆಲೆಯನ್ನು ಹೆಚ್ಚಾಗಿ ಇಟ್ಟು ವಸ್ತು ಮಾರಾಟವಾಗದೆ ಹಿಂದಿರುಗಿತೆಂದರೆ ಅದಕ್ಕೆ ಒಂದು ಬಗೆಯ ಕಳಂಕ ತಟ್ಟುತ್ತದೆ. ಒಮ್ಮೆ ಯಾರೂ ಕೊಳ್ಳದ ವಸ್ತುವನ್ನು ಮತ್ತೆ ಕಂಡಾಗ, ಇದರಲ್ಲಿ ಏನು ದೋಷವಿದೆಯೋ ಎಂದು ಕೊಳ್ಳುವವರು ಹಿಂಜರಿಯುತ್ತಾರೆ.

ಹರಾಜಿನ ಈ ಗುಟ್ಟುಗಳನ್ನು ಅರ್ಥಶಾಸ್ತ್ರಜ್ಞರು ಗಣಿತದ ಸಹಾಯದಿಂದ ಪರಿಶೀಲಿಸಿದ್ದಾರೆ. 1961ರಲ್ಲಿ ವಿಲಿಯಂ ವಿಕ್ರಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದರು. 1981ರಲ್ಲಿ ರೋಜರ್ ಮೈಯರ್‌ಸನ್ ಅವರು ಮಾರುವವನಿಗೆ ಅತ್ಯಂತ ಲಾಭದಾಯಕವಾದ ಹರಾಜು ಯಾವುದೆಂಬುದನ್ನೂ ಅದರಲ್ಲಿ ಮೀಸಲು ಬೆಲೆಯ ಪಾತ್ರವನ್ನೂ ವಿವರಿಸಿದರು. ಇವರಿಬ್ಬರಿಗೂ ಮುಂದೆ ನೊಬೆಲ್ ಪಾರಿತೋಷಿಕ ಬಂದಿತು. 1996ರಲ್ಲಿ ಜೆರೆಮಿ ಬ್ಯುಲೋ, ಪಾಲ್ ಕ್ಲೆಂಪರರ್ ಎಂಬ ಇಬ್ಬರು ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೀಸಲು ಬೆಲೆಯನ್ನು ಎಷ್ಟೇ ಜಾಣತನದಿಂದ ಗೊತ್ತುಮಾಡಿದರೂ ಅದರಿಂದ ಬರುವ ಲಾಭಕ್ಕಿಂತ, ಇನ್ನೊಬ್ಬ ಸವಾಲುದಾರನು ಹೆಚ್ಚಾಗಿ ಬಂದರೆ ಬರುವ ಲಾಭವೇ ಸಾಮಾನ್ಯವಾಗಿ ದೊಡ್ಡದು ಎಂದು ಅವರು ತೋರಿಸಿಕೊಟ್ಟರು. ನಾಲ್ಕನೆಯ ರೀಲರಿನ ಲೆಕ್ಕದಲ್ಲಿ ನಾವು ಕಂಡದ್ದೂ ಇದನ್ನೇ.

ಈಗ ಮತ್ತೆ ಗೂಡಿನ ಮಾರುಕಟ್ಟೆಗೆ ಬರೋಣ. ಚಿತ್ರಕ್ಕೂ ಗೂಡಿಗೂ ಒಂದು ಮೂಲಭೂತವಾದ ವ್ಯತ್ಯಾಸ ಉಂಟು. ಚಿತ್ರದ ಒಡೆಯನು ಬೆಲೆ ಸಾಲದೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ಹತ್ತು ವರ್ಷ ಕಾಯಬಲ್ಲನು. ಗೂಡು ಕಾಯುವುದಿಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತುಮಾಡಿಕೊಂಡು ಹೊರಗೆ ಬರುತ್ತದೆ. ತೂತುಬಿದ್ದ ಗೂಡಿನಿಂದ ಅಖಂಡವಾದ ಎಳೆಯನ್ನು ಬಿಚ್ಚಲಾಗದು. ಗೂಡು ಬಲಿತು ಬಿಡಿಸುವುದರೊಳಗೆ ಐದಾರು ದಿನ ಕಳೆದೇ ಹೋಗಿರುತ್ತದೆ. ಜೊತೆಗೆ ಹಸಿಗೂಡಿನ ತೂಕದಲ್ಲಿ ಹೆಚ್ಚಿನ ಪಾಲು ಒಳಗಿನ ಕೋಶದ್ದಾದುದರಿಂದ, ಅದು ಆರಿದಂತೆಲ್ಲ ದಿನದಿನಕ್ಕೆ ತೂಕವೂ ಇಳಿಯುತ್ತದೆ. "ಇಲ್ಲ" ಎಂದ ರೈತನು ಮತ್ತೊಂದು ಸುತ್ತಿನ ಹರಾಜಿಗೆ ಕಾಯಬೇಕು, ಇಲ್ಲವೇ ಗಾಡಿಯ ಬಾಡಿಗೆ ಕೊಟ್ಟು ಬೇರೆ ಮಾರುಕಟ್ಟೆಗೆ ಹೋಗಬೇಕು. ಅಲ್ಲಿ ಬೆಲೆ ಹೆಚ್ಚಿದ್ದೀತೆಂಬ ಭರವಸೆಯೇನೂ ಇಲ್ಲ.

ಆದುದರಿಂದ ಸರಿಯಾದ ಮೀಸಲು ಬೆಲೆಯನ್ನು ಕಂಡುಕೊಳ್ಳಲು ಕೇಳಬೇಕಾದ ಪ್ರಶ್ನೆ, "ನನಗೆ ಎಷ್ಟು ಬಂದರೆ ಸಂತೋಷ?" ಎಂಬುದಲ್ಲ; "ಇಂದು ಮಾರದೆ ಹೋದರೆ ಈ ವಸ್ತುವಿನಿಂದ ನನಗೆ ಎಷ್ಟು ದೊರೆತೀತು?" ಎಂಬುದು. ನಾಳೆಯ ಬೆಲೆಯಿಂದ ಬಾಡಿಗೆಯನ್ನೂ ತೂಕದ ನಷ್ಟವನ್ನೂ ಕಳೆದರೆ ಉಳಿಯುವ ಮೊತ್ತಕ್ಕಿಂತ ಕಡಿಮೆಗೆ ಕೊಡುವುದು ಅವಿವೇಕ. ಬೆಳೆಗೆ ತಗಲಿದ ಖರ್ಚೂ ಪಟ್ಟ ಶ್ರಮವೂ ರೈತನಿಗೆ ಎಷ್ಟೇ ದೊಡ್ಡದಾದರೂ ಸವಾಲು ಹಾಕುವವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಕಠೋರವಾದ ಸತ್ಯ, ಆದರೂ ಸತ್ಯ.

ಹಾಗಾದರೆ ಕಾಯಲಾರದವನಿಗೆ ರಕ್ಷಣೆ ಎಲ್ಲಿಂದ? ಸಾಲ ಕೊಟ್ಟ ಒಬ್ಬನೇ ವ್ಯಾಪಾರಿಗೆ ಗೂಡನ್ನು ಒಪ್ಪಿಸಬೇಕಾಗಿ ಬಂದಾಗ ರೈತನಿಗೆ "ಇಲ್ಲ" ಎನ್ನುವ ದಾರಿಯೇ ಇರುವುದಿಲ್ಲ. ರೇಷ್ಮೆಯ ಬಿತ್ತನೆ, ಗೂಡು, ನೂಲುಗಳ ವ್ಯವಹಾರವನ್ನು ನಿಯಂತ್ರಿಸುವ 1959ರ ಕಾನೂನು ರಾಜ್ಯದಲ್ಲಿ ಜಾರಿಗೆ ಬಂದು, ಗೂಡಿನ ಮಾರಾಟ ಗೊತ್ತಾದ ಮಾರುಕಟ್ಟೆಗಳಲ್ಲಿ ನಡೆಯಬೇಕೆಂಬ ಕ್ರಮ ಏರ್ಪಟ್ಟಿತು. ನೂರಾರು ರೀಲರುಗಳು ಒಂದೇ ಸೂರಿನಡಿ ಸೇರಿದುದರಿಂದ ಒಬ್ಬನ "ಇಲ್ಲ"ಕ್ಕೆ ಇನ್ನೊಬ್ಬನ "ಹೌದು" ದೊರೆಯುವಂತಾಯಿತು. 1979ರಲ್ಲಿ ಸ್ಥಾಪಿತವಾದ ಕರ್ನಾಟಕ ರೇಷ್ಮೆ ಮಾರಾಟ ಮಂಡಲಿಯು ನೂಲಿನ ಬೆಲೆ ಕುಸಿದಾಗ ತಾನೇ ಕೊಂಡು ಅದನ್ನು ಎತ್ತಿಹಿಡಿಯುವ ಉದ್ದೇಶವನ್ನು ಹೊಂದಿತ್ತು.

ಇಷ್ಟಾದರೂ ಮಾರುಕಟ್ಟೆಯ ಗೋಡೆಯ ಹೊರಗಿನ ಗಾಳಿ ಒಳಗೂ ಬೀಸುತ್ತದೆ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಅಗ್ಗದ ವಿದೇಶಿ ನೂಲು ಬಂದಂತೆ ಗೂಡಿನ ಬೆಲೆಯೂ ಕುಸಿಯಿತು. ಎಲ್ಲ ಸವಾಲುದಾರರ ಶಕ್ತಿಯೂ ಒಟ್ಟಿಗೆ ಕುಗ್ಗಿದಾಗ ಒಬ್ಬ ರೈತನ ಮನಸ್ಸಿನ ಮೀಸಲು ಬೆಲೆ ಏನು ಮಾಡೀತು? ರೀಲರನ್ನು ದೂರಿಯೂ ಫಲವಿಲ್ಲ. ಅವನೂ ಬಹುಮಟ್ಟಿಗೆ ಸಣ್ಣ ಹಿಡುವಳಿಯವನೇ. ಸುಮಾರು ಏಳು ಕಿಲೋ ಗೂಡಿನಿಂದ ಒಂದು ಕಿಲೋ ನೂಲು ತೆಗೆದು, ಅಂದಂದಿನ ಮಾರಾಟದಿಂದ ಮರುದಿನದ ಗೂಡನ್ನು ಕೊಳ್ಳುವವನು. ಗೂಡಿನ ಬೆಲೆ ಅವನ ಕೈಗೆ ಮೀರಿದರೆ ಒಲೆ ಆರುತ್ತದೆ, ರಾಟೆ ನಿಲ್ಲುತ್ತದೆ.

ಹೀಗೆ ವಿಚಾರಮಾಡಿದಾಗ ಮೀಸಲು ಬೆಲೆಯ ಶಕ್ತಿ ಅಂಕಿಯಲ್ಲಿಲ್ಲ, ಆ ಅಂಕಿಯ ಹಿಂದೆ ನಿಂತಿರುವ ತಾಳ್ಮೆಯಲ್ಲಿದೆ ಎಂಬುದು ಮನದಟ್ಟಾಗುತ್ತದೆ. ಕಾಯಬಲ್ಲವನ "ಇಲ್ಲ"ಕ್ಕೆ ಬೆಲೆಯುಂಟು. ಕಾಯಲಾರದವನ "ಇಲ್ಲ"ಕ್ಕೆ ಬೆಲೆ ಬರಬೇಕಾದರೆ ಕೊಳ್ಳುವವರು ಹಲವರಿರಬೇಕು, ತೂಕ ನ್ಯಾಯವಾಗಿರಬೇಕು, ಹಣ ತಡವಿಲ್ಲದೆ ಕೈಸೇರಬೇಕು. ಸಂಗ್ರಾಹಕನ ಚಿತ್ರ ಹರಾಜಾಗದೆ ಮನೆಗೆ ಮರಳಿದರೆ ಗೋಡೆಯ ಮೇಲೆ ಮತ್ತೆ ಶೋಭಿಸುತ್ತದೆ. ರೈತನ ಗೂಡು ಮರಳಿದರೆ ಅದರೊಳಗೆ ಪತಂಗ ಕಣ್ಣುತೆರೆಯುತ್ತಿರುತ್ತದೆ. ಅವನ ಒಂದು ಮಾತಿಗೆ ಗೌರವ ದೊರೆಯುವಂತೆ ಮಾರುಕಟ್ಟೆಯನ್ನು ನಡೆಸುವುದು ಸಮಾಜದ ಹೊಣೆ.