ಪತಂಗದ ಕುಡಿಮೀಸೆಯೂ ತೊಗರಿಯ ಹೊಲವೂ

ದೀಪಾವಳಿಯ ಆಸುಪಾಸಿನಲ್ಲಿ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಕರಿಮಣ್ಣಿನ ಹೊಲಗಳಲ್ಲಿ ತೊಗರಿ ಹೂವಾಡತೊಡಗುತ್ತದೆ. ಅದೇ ವೇಳೆಗೆ ಕೆಲವು ಹೊಲಗಳಲ್ಲಿ ಕೋಲಿಗೆ ಕಟ್ಟಿದ ಆಲಿಕೆಯೂ ಅದರ ಕೆಳಗೆ ಜೋತುಬಿದ್ದ ಪ್ಲಾಸ್ಟಿಕ್ ಚೀಲವೂ ಕಾಣಿಸುತ್ತವೆ. ಮರಾಠಿಯಲ್ಲಿ ‘ಕಾಮಗಂಧ ಸಾಪಳಾ’ ಎಂದೂ ಕನ್ನಡದಲ್ಲಿ ‘ಮೋಹಕ ಬಲೆ’ ಎಂದೂ ಕರೆಯಲಾಗುವ ಸಾಧನವಿದು. ಬೆಳಿಗ್ಗೆ ಚೀಲವನ್ನು ಬಿಚ್ಚಿದರೆ ಕಾಯಿಕೊರಕದ ಪತಂಗಗಳು ಬಿದ್ದಿರುತ್ತವೆ. ಅವು ಬಹುತೇಕ ಎಲ್ಲವೂ ಗಂಡು. ಹೆಣ್ಣು ಏಕೆ ಬೀಳುವುದಿಲ್ಲ?

ಉತ್ತರವು ಪತಂಗದ ತಲೆಯ ಮೇಲಿರುವ ಎರಡು ಕುಡಿಮೀಸೆಗಳಲ್ಲಿದೆ. ಪತಂಗಕ್ಕೆ ನಮ್ಮಂತಹ ಮೂಗಿಲ್ಲ. ಕುಡಿಮೀಸೆಯೇ ಅದರ ಪ್ರಧಾನ ಘ್ರಾಣೇಂದ್ರಿಯ. ಅದರ ಮೇಲೆ ಸಾವಿರಾರು ಸೂಕ್ಷ್ಮ ರೋಮಗಳಿವೆ. ಪ್ರತಿಯೊಂದು ಘ್ರಾಣರೋಮದಲ್ಲಿಯೂ ಅತಿ ಕಿರಿದಾದ ರಂಧ್ರಗಳಿದ್ದು, ಗಾಳಿಯಲ್ಲಿ ಬಂದ ವಾಸನೆಯ ಅಣುಗಳು ಅವುಗಳ ಮೂಲಕ ಒಳಗಿನ ನರಕೋಶವನ್ನು ತಲುಪುತ್ತವೆ.

ಈ ರಹಸ್ಯವು ಮೊದಲು ಬಯಲಾದದ್ದು ರೇಷ್ಮೆ ಪತಂಗದಲ್ಲಿ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಅವರ ಸಹೋದ್ಯೋಗಿಗಳು ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಗಂಡನ್ನು ಸೆಳೆಯುವ ಪದಾರ್ಥವನ್ನು ಬೇರ್ಪಡಿಸಿ, 1959ರಲ್ಲಿ ಅದಕ್ಕೆ ‘ಬಾಂಬಿಕಾಲ್’ ಎಂದು ಹೆಸರಿಟ್ಟರು. ರೇಷ್ಮೆ ಪತಂಗದಲ್ಲಿ ಗಂಡು ಹೆಣ್ಣು ಎರಡಕ್ಕೂ ಬಾಚಣಿಗೆಯಂತಹ ಕುಡಿಮೀಸೆ ಇದೆ. ಗಂಡಿನದು ಹೆಚ್ಚು ದೊಡ್ಡದು. ಗಂಡಿನ ಉದ್ದ ರೋಮಗಳು ಬಾಂಬಿಕಾಲಿಗೆ ಮಿಡಿಯುತ್ತವೆ. ಅದರ ಒಂದೇ ಅಣು ತಾಗಿದರೂ ನರಕೋಶವು ಎಚ್ಚರಗೊಳ್ಳಬಲ್ಲದು. ಅದನ್ನು ಸೂಸುವ ಹೆಣ್ಣಿನ ಕುಡಿಮೀಸೆಯಾದರೋ ಆ ವಾಸನೆಗೆ ಸ್ಪಂದಿಸುವುದೇ ಇಲ್ಲ.

ತೊಗರಿ, ಕಡಲೆಗಳನ್ನು ಕಾಡುವ ಕಾಯಿಕೊರಕದಲ್ಲಿ ಈ ಭೇದವು ಹೊರನೋಟಕ್ಕೆ ಸಿಗದು. ಎರಡರ ಕುಡಿಮೀಸೆಯೂ ದಾರದಂತೆಯೇ ಇರುತ್ತದೆ. ರೆಕ್ಕೆಯ ಬಣ್ಣದಿಂದ ಅವನ್ನು ಗುರುತಿಸಬಹುದು: ಗಂಡು ಸಾಮಾನ್ಯವಾಗಿ ಹಸಿರು ಮಿಶ್ರಿತ ಬೂದು, ಹೆಣ್ಣು ಕೆಂಗಂದು. ವ್ಯತ್ಯಾಸವಿರುವುದು ರೋಮಗಳಲ್ಲಿ ಮತ್ತು ಮಿದುಳಿನಲ್ಲಿ. ಹೆಣ್ಣು ರಾತ್ರಿ ಸೂಸುವ ಗಂಧವನ್ನು ಅರಿಯುವ ರೋಮಗಳು ಗಂಡಿನಲ್ಲಿ ಹೇರಳ. ಆ ಸಂದೇಶವನ್ನು ಸ್ವೀಕರಿಸಲೆಂದೇ ಅದರ ಮಿದುಳಿನಲ್ಲಿ ಹಿಗ್ಗಿದ ಭಾಗವೊಂದಿದೆ. ಹೆಣ್ಣಿನ ಘ್ರಾಣಶಕ್ತಿಗೆ ಬೇರೆಯೇ ಕೆಲಸವಿದೆ. ಮೊಟ್ಟೆಯಿಡಲು ತಕ್ಕ ಗಿಡವನ್ನು, ಅದರ ಹೂಮೊಗ್ಗುಗಳನ್ನು ಅದು ಹುಡುಕಬೇಕು.

ಮೋಹಕ ಬಲೆಯಲ್ಲಿಡುವ ರಬ್ಬರಿನ ಬಿಲ್ಲೆಗೆ ಹೆಣ್ಣಿನ ಗಂಧದ ಕೃತಕ ಪ್ರತಿಯನ್ನು ಲೇಪಿಸಿರುತ್ತಾರೆ. ಗಂಡು ಮೋಸಹೋಗುತ್ತದೆ, ಹೆಣ್ಣು ತೊಗರಿಯ ಹೂವಿನತ್ತಲೇ ಹಾರುತ್ತದೆ.

ರೈತ ಕುಟುಂಬಗಳು ಗಮನಿಸಬೇಕಾದ ಅಂಶ ಇಲ್ಲಿಯೇ ಇದೆ. ನೂರಾರು ಮೊಟ್ಟೆಯಿಡುವ ಹೆಣ್ಣು ಹೊರಗುಳಿಯುವುದರಿಂದ, ಹೆಕ್ಟೇರಿಗೆ ಐದರಂತೆ ನೆಟ್ಟ ಬಲೆಗಳು ಕೀಟವನ್ನು ನಿರ್ಮೂಲ ಮಾಡಲಾರವು. ಒಂದು ಗಂಡು ಅನೇಕ ಹೆಣ್ಣುಗಳೊಡನೆ ಕೂಡಬಲ್ಲುದಾದ್ದರಿಂದ ಕೆಲವು ಗಂಡುಗಳು ಸತ್ತರೂ ಮೊಟ್ಟೆಗಳು ನಿಲ್ಲುವುದಿಲ್ಲ. ಬಲೆಯು ಔಷಧವಲ್ಲ, ಸಾಕ್ಷಿ. ಒಂದು ಬಲೆಗೆ ದಿನವೊಂದಕ್ಕೆ ಎಂಟು–ಹತ್ತು ಪತಂಗಗಳಂತೆ ಎರಡು–ಮೂರು ದಿನ ಸತತವಾಗಿ ಬಿದ್ದರೆ ಕ್ರಮ ಕೈಗೊಳ್ಳುವ ಕಾಲ ಬಂದಿತೆಂದು ತಿಳಿಯಬೇಕು. ಆಗ ಗಿಡಗಳಲ್ಲಿ ಮೊಟ್ಟೆ, ಮರಿಹುಳುಗಳನ್ನು ಪರೀಕ್ಷಿಸಿ, ಮೊದಲಿಗೆ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬಹುದು. ಬೆಳೆದ ಹುಳುಗಳಿದ್ದರೆ, ಹಿಂದಿನಿಂದ ನಡೆದುಬಂದಂತೆ, ಗಿಡದ ಬುಡಕ್ಕೆ ಬಟ್ಟೆ ಹಾಸಿ ಗಿಡವನ್ನು ಅಲುಗಿಸಿ ಹುಳುಗಳನ್ನು ಉದುರಿಸಿ ನಾಶಮಾಡಬಹುದು.

ನೆರೆಯವರು ಹೊಡೆದರೆಂಬ ಒಂದೇ ಕಾರಣಕ್ಕೆ ಸಾಲ ತಂದು ವಿಷ ಸಿಂಪಡಿಸಿದರೆ ಹಣವೂ ಹೋಗುತ್ತದೆ, ಹುಳು ತಿನ್ನುವ ಮಿತ್ರಕೀಟಗಳೂ ಸಾಯುತ್ತವೆ. ಆದ್ದರಿಂದ ಪ್ರತಿದಿನದ ಲೆಕ್ಕವು ಅಗತ್ಯ. ಶಾಲೆಗೆ ಹೊರಡುವ ಮುನ್ನ ಮಕ್ಕಳು ಹಿರಿಯರೊಡನೆ ಹೊಲಕ್ಕೆ ಹೋಗಿ ಚೀಲದಲ್ಲಿನ ಪತಂಗಗಳನ್ನು ಎಣಿಸಿ, ದಿನಾಂಕಸಹಿತ ನೋಟುಬುಕ್ಕಿನಲ್ಲಿ ಬರೆದಿಡಬಹುದು. ವಿಜ್ಞಾನದ ಪಾಠವೂ ಆದೀತು, ಮನೆಯ ಖರ್ಚೂ ಉಳಿದೀತು.