ಡೊಂಬಿವಲಿ ಸ್ಟೇಷನ್ನಿನಲ್ಲಿ ಹೊಳೆದ ಸಂಖ್ಯೆಗಳು

ನವಿ ಮುಂಬಯಿಯ ಬೇಲಾಪುರದಿಂದ ಡೊಂಬಿವಲಿಗೆ ಲೋಕಲ್‌ನಲ್ಲಿ ಹೋಗುವವರು ಸಾಮಾನ್ಯವಾಗಿ ಠಾಣೆಯಲ್ಲಿ ಇಳಿದು ಗಾಡಿ ಬದಲಿಸುತ್ತಾರೆ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆಗೆ ಹೊರಟವರಿಗೆ ಆ ಕಾಯುವ ಹೊತ್ತು ಬರೀ ಬೇಸರ. ಗಣಿತಜ್ಞ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರಿಗಾದರೋ ಇದೇ ಹಳಿಯ ಮೇಲಿನ ಒಂದು ನಿಲ್ದಾಣ ಹೊಸದೊಂದು ಆಟವನ್ನೇ ಕೊಟ್ಟಿತು. ಮುಂಬಯಿಯಿಂದ 30 ಮೈಲಿ ದೂರದಲ್ಲಿ, ಆಗಿನ ಜಿ.ಐ.ಪಿ. ರೈಲ್ವೆಯ ಮೇಲಿದ್ದ ಆ ನಿಲ್ದಾಣವನ್ನು ಅವರು ‘ಡೆಮ್ಲೋ’ ಎಂದು ಬರೆದರು. ಇಂದಿನ ಡೊಂಬಿವಲಿಯೇ ಅದು. ಅಲ್ಲಿ ಹೊಳೆದ ಸಂಖ್ಯೆಗಳಿಗೂ ಡೆಮ್ಲೋ ಸಂಖ್ಯೆಗಳೆಂದೇ ಹೆಸರಿಟ್ಟರು.

ಆಟದ ಕಟ್ಟಳೆ ಸುಲಭ. 2553 ನೋಡಿ: ತುದಿಯ 2 ಮತ್ತು 3 ಕೂಡಿದರೆ ನಡುವೆ ಮರುಕಳಿಸಿರುವ 5 ಬರುತ್ತದೆ. 47773ರಲ್ಲಿ 4 ಮತ್ತು 3 ಸೇರಿ 7. ಇವುಗಳಲ್ಲೂ ಚೆಲುವಿನವು 121, 12321, 1234321. ಇವು ಕ್ರಮವಾಗಿ 11, 111, 1111ರ ವರ್ಗಗಳು.

ಇದೇ ಸಾಲಿನ 12345654321 ಕನ್ನಡ ನಾಡಿಗೆ ಹಳೆಯ ಪರಿಚಯ. ಸುಮಾರು ಕ್ರಿ.ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ಬಣ್ಣಿಸಿದ. 152207ನ್ನು 73ರಿಂದ ಗುಣಿಸಿದರೆ 11111111, 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವನು ಕೊರಳ ಹಾರಗಳೆಂದು ಕರೆದ. ತೆರಿಗೆ ಲೆಕ್ಕಕ್ಕೂ ಹೊಲ ಅಳೆಯುವುದಕ್ಕೂ ಬಾರದ ಗಣಿತ ಇದು. ಶುದ್ಧ ಖುಷಿಗೆ ಬರೆದದ್ದು.

ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಡಹಾಣೂವಿನಲ್ಲಿ. ಹೈಸ್ಕೂಲು ಓದಿದ್ದು ಠಾಣೆಯಲ್ಲಿ. 1930ರಿಂದ 1962ರವರೆಗೆ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದರು. ಅವರ ಹೆಸರು ಉಳಿದಿರುವುದು 6174ರಿಂದ. ಎಲ್ಲವೂ ಒಂದೇ ಆಗಿರದ ನಾಲ್ಕು ಅಂಕಿಗಳನ್ನು ತೆಗೆದುಕೊಂಡು, ಇಳಿಕೆಯಲ್ಲಿ ಜೋಡಿಸಿದ್ದರಿಂದ ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯಬೇಕು. ಬಂದ ಉತ್ತರಕ್ಕೂ ಮತ್ತೆ ಅದನ್ನೇ ಮಾಡಬೇಕು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ 1853ನ್ನೇ ಹಿಡಿಯೋಣ: 8531ರಲ್ಲಿ 1358 ಕಳೆದರೆ 7173. ಮುಂದೆ 6354, 3087, 8352, ಆಮೇಲೆ 6174. ಅಲ್ಲಿಂದ ಮುಂದೆ ಎಷ್ಟು ಕಳೆದರೂ 6174ನ್ನು ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆ.

ಇದರಲ್ಲಿ ಮಾಟವೇನೂ ಇಲ್ಲ. ಕಳೆದಾಗ ಉಳಿಯುವುದು ಎರಡೇ ಸಂಗತಿಗಳ ಮೇಲೆ ನಿಂತಿದೆ: ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ಅಂತರ, ನಡುವಿನ ಎರಡು ಅಂಕಿಗಳ ಅಂತರ. ಹಾಗಾಗಿ ಸುಮಾರು ಹತ್ತು ಸಾವಿರ ಸಂಖ್ಯೆಗಳು ಮೊದಲ ಹೆಜ್ಜೆಯಲ್ಲೇ 54 ಉತ್ತರಗಳಿಗೆ ಇಳಿದುಬಿಡುತ್ತವೆ. ಮುಂದಿನದು ಹುಡುಕಾಟವಲ್ಲ, ಬರೀ ಜಾರುವಿಕೆ. ಕಾಪ್ರೇಕರ್ ಇದನ್ನು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಮುಂದಿಟ್ಟರು. ಜಗತ್ತು ತಿರುಗಿ ನೋಡಿದ್ದು 1975ರಲ್ಲಿ, ಕಾಪ್ರೇಕರ್ ಬಗ್ಗೆ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದಾಗ.

ಆಯ್ಕೆಗಳು ಹೀಗೆ ಕುಗ್ಗುತ್ತಾ ಬರುವುದರಲ್ಲೇ ಒಗಟಿನ ಸುಖವಿದೆ. ಪದಬಂಧದಲ್ಲಂತೂ ಅದು ಕಣ್ಣಿಗೇ ಕಾಣುತ್ತದೆ. ಪದಬಂಧವೂ ಹುಟ್ಟಿನಿಂದ ರಜೆಯ ಕೂಸೇ: ಆರ್ಥರ್ ವಿನ್ ರಚಿಸಿದ ಮೊದಲನೆಯದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ಕ್ರಿಸ್‌ಮಸ್‌ಗೆ ನಾಲ್ಕು ದಿನ ಮುಂಚೆ. ಮುಂದೆ 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿ ಸಿದ್ಧಾಂತದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಪದಬಂಧಕ್ಕೂ ಜಾಗ ಕೊಟ್ಟರು. ಯಾವ ಅಕ್ಷರದ ಮುಂದೆ ಯಾವುದು ಬೇಕಾದರೂ ಬರಬಹುದಾದ ಭಾಷೆಯಲ್ಲಿ ಹೇಗೆ ತುಂಬಿದರೂ ಪದಬಂಧವೇ. ಕಟ್ಟುಪಾಡು ತೀರಾ ಬಿಗಿಯಾದ ಭಾಷೆಯಲ್ಲಿ ದೊಡ್ಡ ಪದಬಂಧ ಹೆಣೆಯಲಿಕ್ಕೇ ಆಗದು. ಇಂಗ್ಲಿಷ್ ನಡುವೆ ಎಲ್ಲೋ ನಿಂತಿದೆ ಎಂಬುದು ಅವರ ಲೆಕ್ಕ.

ಕನ್ನಡದ ಪಾಡು ಬೇರೆ. ಇಲ್ಲಿ ಒಂದು ಮನೆಗೆ ಒಂದು ಅಕ್ಷರ, ಅದರ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ಇಂಗ್ಲಿಷಿನ ಚೌಕ 26 ಅಕ್ಷರಗಳಲ್ಲಿ ಒಂದನ್ನು ಆಯ್ದರೆ, ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೇ ಎಣಿಕೆ ನಾನೂರು ದಾಟುತ್ತದೆ. ಒತ್ತಕ್ಷರಗಳ ಲೆಕ್ಕ ಬೇರೆ. ‘ಬೇಲಾಪುರ’ಕ್ಕೆ ನಾಲ್ಕು ಮನೆ, ‘ಕಲ್ಯಾಣ’ಕ್ಕೆ ಮೂರು. ಆದರೆ ‘ಕಲ್ಯಾಣ’ವನ್ನು ಅಡ್ಡ ಸಾಲಿಗೆ ಹಾಕಿದವರು ನಡುಮನೆಯ ‘ಲ್ಯಾ’ ಮೇಲೆ ಕೆಳಗಿಳಿಯುವ ಪದ ಹುಡುಕಲಿ: ‘ಅಹಲ್ಯಾ’, ‘ಬಾಲ್ಯಾವಸ್ಥೆ’, ಆಮೇಲೆ ತಲೆ ಕೆರೆದುಕೊಳ್ಳಬೇಕು. ಬಿಡಿಸುವವರಿಗೆ ಮಾತ್ರ ಇದೇ ವರ. ದೊರೆತ ಒಂದೇ ಅಕ್ಷರ ನೂರಾರು ದಾರಿಗಳನ್ನು ಮುಚ್ಚಿ ಒಂದೆರಡನ್ನು ಉಳಿಸುತ್ತದೆ. ಇಂಥ ಹೆಣಿಗೆಯಲ್ಲಿ ಸಾವಿರಾರು ಪದಬಂಧ ರಚಿಸಿದ ಎ.ಎನ್. ಪ್ರಹ್ಲಾದ ರಾವ್ ಅವರ ತಾಳ್ಮೆಯನ್ನು ಗಣಿತಜ್ಞರೂ ಮೆಚ್ಚಬೇಕು.

ಎಲ್ಲ ದಾರಿಯೂ ಮುಚ್ಚಿದಂತೆ ಕಂಡು, ತಟ್ಟನೆ ಉತ್ತರ ಹೊಳೆಯುವ ಗಳಿಗೆಯನ್ನು ಮಿದುಳಿನಲ್ಲಿ ಹಿಡಿಯಲು ಹೊರಟವರು ಅಮೆರಿಕದ ಮಾರ್ಕ್ ಜಂಗ್-ಬೀಮನ್ ಮತ್ತು ಜಾನ್ ಕೌನಿಯಸ್. ಮೂರು ಪದ ಕೊಟ್ಟು, ಮೂರಕ್ಕೂ ಕೂಡುವ ನಾಲ್ಕನೆಯದನ್ನು ಕೇಳುವುದು ಅವರ ವಿಧಾನ. ಕನ್ನಡದಲ್ಲಾದರೆ: ಕೆಲಸ, ಪಾಠ, ಅಳಿಯ. (ಉತ್ತರ ಬೇಲಾಪುರದಲ್ಲಿ ಬಲು ದುಬಾರಿ: ಮನೆ.) 2004ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಉತ್ತರ ಹೊಳೆಯುವುದಕ್ಕೆ ಸುಮಾರು 0.3 ಸೆಕೆಂಡು ಮೊದಲು ಬಲಗಿವಿಯ ಮೇಲ್ಭಾಗದ ಮಿದುಳಿನಲ್ಲಿ ವೇಗದ ಗಾಮಾ ತರಂಗಗಳು ಒಮ್ಮೆಲೇ ಏಳುತ್ತವೆ. ಒಂದೊಂದೇ ಪದವನ್ನು ಹೊಂದಿಸಿ ನೋಡುತ್ತಾ ಉತ್ತರ ತಲುಪಿದವರಲ್ಲಿ ಆ ಏರಿಕೆ ಕಾಣಲಿಲ್ಲ.

ಒಗಟುಗಳ ಈ ಸಾಲಿಗೆ ಎಸ್ಕೇಪ್ ರೂಮ್ ಬಂದದ್ದು ತೀರಾ ಈಚೆಗೆ. ಕಂಪ್ಯೂಟರ್ ಪರದೆಯ ಮೇಲೆ ಕೋಣೆಯಿಂದ ತಪ್ಪಿಸಿಕೊಳ್ಳುವ ಆಟವನ್ನು ಜಪಾನಿನ ಟಕಾವೊ ಕಾಟೊ 2007ರಲ್ಲಿ ಕ್ಯೋಟೊ ನಗರದಲ್ಲಿ ನಿಜವಾದ ಕೋಣೆಗೆ ತಂದರು. ಈಗ ಮುಂಬಯಿ ಕಡೆಯ ಮಕ್ಕಳಿಗೂ ಅದು ರಜೆಯ ಬೇಡಿಕೆ. ಸುಮಾರು ಒಂದು ಗಂಟೆಯೊಳಗೆ ಬೀಗ, ಸಂಕೇತ, ಸುಳಿವುಗಳನ್ನು ಬಿಡಿಸಿ ಹೊರಬರಬೇಕು. ಒಬ್ಬರಿಗೆ ಕಂಡ ಸುಳಿವು ಇನ್ನೊಬ್ಬರ ಕೈಯಲ್ಲಿರುವ ಬೀಗಕ್ಕೆ ಬೇಕಾಗಿರುತ್ತದೆ. ಹೇಳದೆ ಉಳಿದರೆ ಗಡಿಯಾರ ಗೆಲ್ಲುತ್ತದೆ. ಟಿಕೆಟ್ ದುಡ್ಡು ಹೆಚ್ಚೆನಿಸುವವರಿಗೆ 6174 ಪುಕ್ಕಟೆ ಸಿಗುತ್ತದೆ.

ಪದಬಂಧ ಬಿಡಿಸಿದರೆ ಮರೆವು ಹತ್ತಿರ ಸುಳಿಯದು ಎಂಬ ಮಾತು ವಾಟ್ಸಾಪ್‌ನಲ್ಲಿ ಧಾರಾಳವಾಗಿ ಓಡಾಡುತ್ತದೆ. ವಿಜ್ಞಾನ ಅಷ್ಟು ಧಾರಾಳಿಯಲ್ಲ. ಡಿ.ಪಿ. ದೇವಾನಂದ್, ಪಿ. ಮುರಳಿ ದೊರೈಸ್ವಾಮಿ ಮತ್ತಿತರರು 2022ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಲಘು ಮರೆವಿನ ತೊಂದರೆಯಿದ್ದ 107 ಮಂದಿಯನ್ನು ಎರಡು ಗುಂಪು ಮಾಡಿ 78 ವಾರ ಗಮನಿಸಲಾಯಿತು. ಒಂದು ಗುಂಪಿಗೆ ಕಂಪ್ಯೂಟರಿನಲ್ಲಿ ಪದಬಂಧ, ಇನ್ನೊಂದಕ್ಕೆ ಮಿದುಳು ಚುರುಕಾಗಿಸುವುದಾಗಿ ಹೇಳುವ ಕಂಪ್ಯೂಟರ್ ಆಟಗಳು. ಹೊಸ ಆಟಗಳೇ ಗೆಲ್ಲುತ್ತವೆಂಬ ನಿರೀಕ್ಷೆ ತಲೆಕೆಳಗಾಗಿ ಪದಬಂಧದ ಗುಂಪೇ ಮುಂದಿತ್ತು. ಆದರೆ ಎರಡನ್ನೂ ಮಾಡದ ಮೂರನೆಯ ಗುಂಪನ್ನು ಅದರಲ್ಲಿ ಇಟ್ಟಿರಲಿಲ್ಲ. ಹಾಗಾಗಿ ಕಂಪ್ಯೂಟರ್ ಆಟಗಳಿಗಿಂತ ಪದಬಂಧ ವಾಸಿ ಎಂದಷ್ಟೇ ಅದು ಹೇಳುತ್ತದೆ. ಏನೂ ಆಡದೆ ಟಿ.ವಿ. ಮುಂದೆ ಕೂತವರಿಗಿಂತ ಎಷ್ಟು ವಾಸಿ ಎಂದು ಹೇಳುವುದಿಲ್ಲ.